ಪರದೇಶದಲ್ಲಿ ಆಪತ್ತು ಬಂದಾಗ ಮೊದಲ ಕರೆ ಯಾರಿಗೆ?

(ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಗಲ್ಫ್‌ನಲ್ಲಿ ತಮ್ಮವರು ಒಬ್ಬರೂ ಇಲ್ಲದ ಕುಟುಂಬ ಈ ಸಭೆಯಲ್ಲಿ ಬಹಳ ಕಡಿಮೆ ಇರಬಹುದು. ಒಬ್ಬರ ತಂದೆ ದಮ್ಮಾಮ್‌ನಲ್ಲಿದ್ದರೆ ಇನ್ನೊಬ್ಬರ ಅಣ್ಣ ದುಬೈಯಲ್ಲಿ, ಮತ್ತೊಬ್ಬರ ಭಾವ ಕತಾರ್‌ನಲ್ಲಿ. ಹಿರಿಯರು ಉಮ್ರಾಕ್ಕೆ, ಹಜ್‌ಗೆ ಹೋಗುತ್ತಾರೆ. ಈಗ ನಮ್ಮ ಹುಡುಗ ಹುಡುಗಿಯರು ಓದಲಿಕ್ಕೆಂದು ಜರ್ಮನಿ, ಇಂಗ್ಲೆಂಡ್, ಮಲೇಷ್ಯಾಗಳಿಗೂ ಹೊರಟಿದ್ದಾರೆ. ಹೊರಡುವ ಹಿಂದಿನ ದಿನ ನಮ್ಮ ಮನೆಗಳಲ್ಲಿ ಎಂಥ ತಯಾರಿ ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳನ್ನು ಮೂರು ಸಲ ನೋಡುತ್ತೇವೆ. ಉಪ್ಪಿನಕಾಯಿ, ಒಣಮೀನು, ಮಾತ್ರೆಗಳನ್ನು ಕಟ್ಟಿಕೊಡುತ್ತೇವೆ. ಆದರೆ ಆ ದೇಶದಲ್ಲಿ ಆಂಬುಲೆನ್ಸ್ ಕರೆಯಲು ಯಾವ ನಂಬರ್ ಒತ್ತಬೇಕು ಎಂದು ಕೇಳಿ ನೋಡಿ. ಹೊರಟವನಿಗೂ ಗೊತ್ತಿರುವುದಿಲ್ಲ, ಕಳುಹಿಸುವವರಿಗೂ ಗೊತ್ತಿರುವುದಿಲ್ಲ. ಇಂದು ನಾನು ಮಾತನಾಡಲಿರುವುದು ಈ ಸಣ್ಣ ಕೊರತೆಯ ಬಗ್ಗೆ. ಕೊರತೆ ಸಣ್ಣದು, ಆದರೆ ಅದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ದೇರಾದ ಒಂದು ರೂಮಿನಲ್ಲಿ ಆರು ಮಂದಿ ಮಲಗಿದ್ದಾರೆ. ಒಬ್ಬನಿಗೆ ಎದೆನೋವು, ಮೈಯೆಲ್ಲ ಬೆವರು. ಉಳಿದವರು ಏನು ಮಾಡುತ್ತಾರೆ? ಒಬ್ಬ ಊರಿಗೆ ಫೋನ್ ಮಾಡುತ್ತಾನೆ. ಇನ್ನೊಬ್ಬ ಶಾರ್ಜಾದಲ್ಲಿರುವ ತನ್ನ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, "ಕಾರು ತೆಗೆದುಕೊಂಡು ಬಾ" ಎನ್ನುತ್ತಾನೆ. ಮತ್ತೊಬ್ಬ ಕಂಪೆನಿಯ ಮೇಲ್ವಿಚಾರಕನನ್ನು ಎಬ್ಬಿಸಲು ನೋಡುತ್ತಾನೆ. ಕಷ್ಟಕಾಲದಲ್ಲಿ ನಮ್ಮವರನ್ನು ನೆನೆಯುವುದು ಒಳ್ಳೆಯ ಗುಣವೇ ಹೌದು. ಆದರೆ ಹೃದಯ ನಿಂತುಹೋದ ಮನುಷ್ಯನಿಗೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಶಾರ್ಜಾದಿಂದ ಕಾರು ಬರುವುದರೊಳಗೆ ಎಷ್ಟು ನಿಮಿಷ ಕಳೆಯುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆದ್ದರಿಂದ ಮೊದಲ ಕರೆ ಆಂಬುಲೆನ್ಸ್‌ಗೆ, ಎರಡನೆಯದು ಊರಿನವರಿಗೆ. ಈ ಕ್ರಮವನ್ನು ತಪ್ಪಿಸಬಾರದು.

ತುರ್ತು ಕರೆಗೆ ಒಂದು ಪ್ರತ್ಯೇಕ ನಂಬರ್ ಇರಬೇಕು ಎಂಬ ಕಲ್ಪನೆ ಹುಟ್ಟಿದ್ದು ಕೂಡ ಒಂದು ದುರಂತದಿಂದಲೇ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದಾಗ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಸರದಿಗಾಗಿ ಕಾಯಬೇಕಾಯಿತು. ಸಿಟ್ಟಿಗೆದ್ದ ಅವರು ಪತ್ರಿಕೆಗೆ ಪತ್ರ ಬರೆದರು, ಸರಕಾರ ವಿಚಾರಣೆ ನಡೆಸಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ನಂಬರ್ ಜಾರಿಗೆ ಬಂತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರಲ್ಲಿ. ಯುರೋಪಿನ ದೇಶಗಳು 112ನ್ನು ಸಮಾನ ನಂಬರಾಗಿ ಒಪ್ಪಿಕೊಂಡದ್ದು 1991ರಲ್ಲಿ. ನಮ್ಮ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಬಂದದ್ದು 2008ರಲ್ಲಿ. ಹೀಗೆ ಒಂದೊಂದು ದೇಶ ಒಂದೊಂದು ಕಾಲದಲ್ಲಿ ತನ್ನದೇ ನಂಬರನ್ನು ಆರಿಸಿಕೊಂಡಿತು. ಪ್ರಯಾಣಿಕನಿಗೆ ತೊಡಕಾಗುವುದು ಇಲ್ಲಿಯೇ.

ನಮ್ಮವರು ಹೆಚ್ಚಾಗಿ ಹೋಗುವ ದೇಶಗಳ ನಂಬರುಗಳನ್ನು ಹೇಳುತ್ತೇನೆ. ದಯವಿಟ್ಟು ಬರೆದುಕೊಳ್ಳಿ.

ಯುಎಇ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಮೊದಲಾದ ಕಡೆ ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997.

ಸೌದಿ ಅರೇಬಿಯಾದಲ್ಲಿ ಪೊಲೀಸ್ 999, ಆಂಬುಲೆನ್ಸ್ 997, ಅಗ್ನಿಶಾಮಕ 998. ಮಕ್ಕಾ, ಮದೀನಾ, ರಿಯಾದ್ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ ಎಲ್ಲದಕ್ಕೂ ಸೇರಿ 911 ಇದೆ.

ಕತಾರ್ ಮತ್ತು ಬಹರೈನ್‌ಗಳಲ್ಲಿ 999. ಕುವೈತ್‌ನಲ್ಲಿ 112. ಒಮಾನ್‌ನಲ್ಲಿ ನಾಲ್ಕು ಒಂಬತ್ತು, 9999.

ಇಂಗ್ಲೆಂಡ್‌ನಲ್ಲಿ 999 ಅಥವಾ 112. ಜರ್ಮನಿಯಲ್ಲಿ ಆಂಬುಲೆನ್ಸ್ ಮತ್ತು ಬೆಂಕಿಗೆ 112, ಪೊಲೀಸರಿಗೆ 110. ಮಲೇಷ್ಯಾದಲ್ಲಿ 999. ಅಮೆರಿಕ, ಕೆನಡಾಗಳಲ್ಲಿ 911. ಆಸ್ಟ್ರೇಲಿಯಾದಲ್ಲಿ ಮೂರು ಸೊನ್ನೆ, 000.

ಯುಎಇ ಮತ್ತು ಸೌದಿಯ ನಂಬರುಗಳನ್ನು ಇನ್ನೊಮ್ಮೆ ಗಮನಿಸಿ. ದುಬೈಯಲ್ಲಿ ಆಂಬುಲೆನ್ಸ್‌ಗಿರುವ 998 ಸೌದಿಯಲ್ಲಿ ಬೆಂಕಿಗೆ. ಸೌದಿಯಲ್ಲಿ ಆಂಬುಲೆನ್ಸ್‌ಗಿರುವ 997 ದುಬೈಯಲ್ಲಿ ಬೆಂಕಿಗೆ. ದುಬೈಯಲ್ಲಿ ಹತ್ತು ವರ್ಷ ದುಡಿದು ಜುಬೈಲ್‌ಗೆ ಹೋದವನ ಕೈ ಅಭ್ಯಾಸಬಲದಿಂದ ಹಳೆಯ ನಂಬರನ್ನೇ ಒತ್ತುತ್ತದೆ. ಆದ್ದರಿಂದ ದೇಶ ಬದಲಾದಾಗ ಸಿಮ್ ಬದಲಿಸುವ ಹಾಗೆ ಈ ನಂಬರನ್ನೂ ಬದಲಿಸಿಕೊಳ್ಳಬೇಕು.

ನಂಬರ್ ಮರೆತುಹೋದರೆ ಏನು ಮಾಡುವುದು? ಮೊಬೈಲಿನಲ್ಲಿ 112 ಒತ್ತಿ. ಜಿಎಸ್‌ಎಂ ಮೊಬೈಲ್ ವ್ಯವಸ್ಥೆಯನ್ನು ರೂಪಿಸಿದಾಗಲೇ 112ನ್ನು ತುರ್ತು ನಂಬರಾಗಿ ಅದರೊಳಗೆ ಸೇರಿಸಿದ್ದಾರೆ. ಫೋನ್ ಇದನ್ನು ತುರ್ತು ಕರೆಯೆಂದು ಗುರುತಿಸಿದಾಗ, ಹೆಚ್ಚಿನ ದೇಶಗಳಲ್ಲಿ ಆ ಕರೆ ಸ್ಥಳೀಯ ತುರ್ತು ಕೇಂದ್ರಕ್ಕೇ ಹೋಗುತ್ತದೆ. ನಿಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೆ ಫೋನ್ ಬೇರೆ ಕಂಪೆನಿಯ ಸಿಗ್ನಲನ್ನು ಬಳಸಿಕೊಳ್ಳಬಹುದು. ಪರದೆಯ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಎಂದು ಕಾಣಿಸುವುದರ ಅರ್ಥ ಇದೇ. ಆದರೆ ಸಿಮ್ ಇಲ್ಲದ ಫೋನಿನಿಂದಲೂ ಕರೆ ಹೋಗುತ್ತದೆ ಎಂದು ನಂಬಿ ಕೂರಬೇಡಿ. ಇಂಗ್ಲೆಂಡ್, ಜರ್ಮನಿಗಳಲ್ಲಿ ಸಿಮ್ ಇಲ್ಲದೆ ಈ ಕರೆ ಹೋಗುವುದಿಲ್ಲ. 112 ಒತ್ತಿದರೆ ಸಾಕು, ಸ್ಥಳೀಯ ನಂಬರ್ ಬೇಡ ಎಂದೂ ತಿಳಿಯಬೇಡಿ. ಸ್ಥಳೀಯ ನಂಬರೇ ಮೊದಲ ದಾರಿ.

ಇನ್ನು ಮೂರು ಎಚ್ಚರಿಕೆಗಳಿವೆ. ಒಂದನೆಯದು, ಈ ಸಣ್ಣ ನಂಬರುಗಳ ಹಿಂದೆ ದೇಶದ ಕೋಡ್ ಆಗಲಿ ಸೊನ್ನೆಯಾಗಲಿ ಸೇರಿಸಬಾರದು. ಎರಡನೆಯದು, ವಾಟ್ಸಾಪ್‌ನಿಂದ ಈ ನಂಬರುಗಳಿಗೆ ಕರೆ ಮಾಡಲಾಗುವುದಿಲ್ಲ. ಹಾಗೆಯೇ ದುಬೈಯಲ್ಲಿರುವ ಮಗನಿಗಾಗಿ ತಾಯಿ ಮಂಗಳೂರಿನಲ್ಲಿ ಕುಳಿತು 998 ಒತ್ತಿದರೆ ಅದು ದುಬೈಗೆ ತಲುಪುವುದಿಲ್ಲ. ರೋಗಿಯ ಹತ್ತಿರ ಇರುವವರೇ ಕರೆಯಬೇಕು.

ಮೂರನೆಯದು ಹೋಟೆಲಿನ ಫೋನ್. ಹೊರಗಿನ ಲೈನಿಗೆ ಮೊದಲು 9 ಅಥವಾ 0 ಒತ್ತಬೇಕಾದ ಹೋಟೆಲುಗಳು ಹಲವು ಇವೆ. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನ ಮೋಟೆಲೊಂದರಲ್ಲಿ ಒಬ್ಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆದಾಗ, ಆಕೆಯ ಒಂಬತ್ತು ವರ್ಷದ ಮಗಳು ಹೇಳಿಕೊಟ್ಟಂತೆಯೇ 911 ಒತ್ತಿದಳು. ಒಮ್ಮೆಯಲ್ಲ, ನಾಲ್ಕು ಸಲ. ಮೊದಲು ಇನ್ನೊಂದು 9 ಒತ್ತಬೇಕಿತ್ತೆಂದು ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಬದುಕಲಿಲ್ಲ. ಆಕೆಯ ತಂದೆಯ ಹೋರಾಟದಿಂದ 2018ರಲ್ಲಿ 'ಕಾರೀಸ್ ಲಾ' ಎಂಬ ಕಾನೂನು ಬಂದು, ಅಮೆರಿಕದ ಹೊಸ ಹೋಟೆಲ್ ಫೋನುಗಳಲ್ಲಿ ನೇರವಾಗಿ 911 ಹೋಗಬೇಕೆಂದಾಯಿತು. ಎಲ್ಲ ದೇಶಗಳಲ್ಲೂ ಹೀಗಿದೆ ಎಂದಲ್ಲ. ಆದ್ದರಿಂದ ಕೋಣೆಗೆ ಹೋದ ಕೂಡಲೇ ಹೊರಗೆ ಕರೆ ಹೋಗುವ ಬಗೆ ಹೇಗೆ ಎಂದು ರಿಸೆಪ್ಷನ್‌ನಲ್ಲಿ ಕೇಳಿಟ್ಟುಕೊಳ್ಳಿ, ಮಕ್ಕಳಿಗೂ ತೋರಿಸಿ.

ಕರೆ ಹೋಯಿತು ಎನ್ನೋಣ. ಏನು ಹೇಳಬೇಕು? ಎಲ್ಲಕ್ಕಿಂತ ಮೊದಲು ಸ್ಥಳ. ಫೋನ್ ನಡುವೆ ಕಟ್ಟಾದರೂ ಸ್ಥಳ ತಿಳಿದಿದ್ದರೆ ಗಾಡಿ ಬರುತ್ತದೆ. ನಮ್ಮಲ್ಲಿ "ಮಸೀದಿಯ ಹಿಂದಿನ ಗಲ್ಲಿ" ಎಂದರೆ ಸಾಕು, ಅಲ್ಲಿ ಸಾಲದು. ದುಬೈಯಲ್ಲಿ ಕಟ್ಟಡಗಳ ಬಾಗಿಲ ಬಳಿ 'ಮಕಾನಿ' ಎಂಬ ಹತ್ತು ಅಂಕಿಗಳ ಸಂಖ್ಯೆಯ ಫಲಕವಿರುತ್ತದೆ. ಸೌದಿಯಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿಗಳ ಕಿರು ವಿಳಾಸವಿದೆ. ನೀವಿರುವ ಕಟ್ಟಡದ ಈ ಸಂಖ್ಯೆಯನ್ನು ಇಂದೇ ಬರೆದು ರೂಮಿನ ಬಾಗಿಲ ಒಳಬದಿಗೆ ಅಂಟಿಸಿ. ಹೆದ್ದಾರಿಯಲ್ಲಾದರೆ ರಸ್ತೆಯ ಹೆಸರು, ಯಾವ ಊರಿನ ಕಡೆಗೆ ಹೋಗುತ್ತಿದ್ದಿರಿ, ಕೊನೆಗೆ ದಾಟಿದ ಎಕ್ಸಿಟ್ ಸಂಖ್ಯೆ ಎಷ್ಟು ಎಂಬುದನ್ನು ಹೇಳಿ.

ಸ್ಥಳದ ನಂತರ ಏನಾಗಿದೆ, ಎಷ್ಟು ಮಂದಿಗೆ, ರೋಗಿಗೆ ಪ್ರಜ್ಞೆ ಇದೆಯೇ, ಉಸಿರಾಡುತ್ತಿದ್ದಾನೆಯೇ, ನಿಮ್ಮ ಫೋನ್ ನಂಬರ್ ಯಾವುದು ಎಂಬುದನ್ನು ತಿಳಿಸಬೇಕು. ಆ ಕಡೆಯವರು ಮುಗಿಸುವ ತನಕ ನೀವು ಫೋನ್ ಇಡಬೇಡಿ. ಎದೆ ಹೇಗೆ ಒತ್ತಬೇಕು, ರಕ್ತ ಹೇಗೆ ನಿಲ್ಲಿಸಬೇಕು ಎಂದು ಅವರು ಫೋನಿನಲ್ಲೇ ಹೇಳಿಕೊಡಬಹುದು. ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರು ಕೆಳಗಿಳಿದು ಆಂಬುಲೆನ್ಸ್‌ಗೆ ದಾರಿ ತೋರಿಸಲಿ, ಲಿಫ್ಟ್ ಹಿಡಿದಿಡಲಿ.

ಭಾಷೆಯ ಅಂಜಿಕೆಯಿಂದ ಫೋನ್ ಮಾಡದವರೂ ಇದ್ದಾರೆ. ಮನೆಯಲ್ಲಿ ಬ್ಯಾರಿ, ನವಾಯತಿ, ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಅರಬಿ ಅಧಿಕಾರಿಯೊಡನೆ ಮಾತನಾಡಲು ಅಳುಕು. ಇಲ್ಲಿ ವ್ಯಾಕರಣ ಯಾರೂ ನೋಡುವುದಿಲ್ಲ. "ಆಂಬುಲೆನ್ಸ್, ಹಾರ್ಟ್, ನಾಟ್ ಬ್ರೀದಿಂಗ್" ಎಂಬ ಮೂರು ಮಾತು ಮತ್ತು ವಿಳಾಸ ಸಾಕು. ಅರಬಿಯಲ್ಲಿ ಆಂಬುಲೆನ್ಸ್‌ಗೆ 'ಇಸ್ಆಫ್', ಪೊಲೀಸರಿಗೆ 'ಶುರ್ತಾ', ಬೆಂಕಿಗೆ 'ಹರೀಖ್', ಅಪಘಾತಕ್ಕೆ 'ಹಾದಿಸ್', ಆಸ್ಪತ್ರೆಗೆ 'ಮುಸ್ತಶ್ಫಾ'. ಈ ಐದು ಪದಗಳನ್ನು ಕಲಿಯಲು ಐದು ನಿಮಿಷ ಬೇಡ.

ಇನ್ನೊಂದು ಅಂಜಿಕೆ ಇದಕ್ಕಿಂತ ದೊಡ್ಡದು. ವೀಸಾದ ಅವಧಿ ಮುಗಿದಿದೆ, ಕಾಗದಪತ್ರ ಸರಿಯಿಲ್ಲ, ಪೊಲೀಸರು ಬಂದರೆ ಎಲ್ಲರಿಗೂ ತೊಂದರೆ ಎಂದು ರೋಗಿಯನ್ನು ರೂಮಿನಲ್ಲೇ ಇಟ್ಟುಕೊಳ್ಳುವುದು. ಈ ಭಯ ಏಕೆ ಬರುತ್ತದೆಂದು ನನಗೆ ಅರ್ಥವಾಗುತ್ತದೆ. ಆದರೆ ಕರೆ ತೆಗೆದುಕೊಳ್ಳುವವರಿಗೆ ಮೊದಲು ಬೇಕಾಗಿರುವುದು ನಿಮ್ಮ ಸ್ಥಳ, ವೀಸಾ ಅಲ್ಲ. ಕಾಗದದ ತೊಡಕನ್ನು ಆಮೇಲೆ ದಂಡ ಕಟ್ಟಿಯೋ, ರಾಯಭಾರ ಕಚೇರಿಯ ನೆರವಿನಿಂದಲೋ ಬಗೆಹರಿಸಬಹುದು. ಹೋದ ಜೀವಕ್ಕೆ ಅಂಥ ದಾರಿಯಿಲ್ಲ.

ಹಜ್ ಯಾತ್ರಿಕರ ವಿಷಯದಲ್ಲಿ ಒಂದು ಮಾತು. 2024ರ ಹಜ್ ವೇಳೆ ಮಕ್ಕಾದಲ್ಲಿ ಉಷ್ಣಾಂಶ 51 ಡಿಗ್ರಿ ದಾಟಿತ್ತು. 1,301 ಮಂದಿ ಮೃತಪಟ್ಟರೆಂದೂ, ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಬಂದು ಬಿಸಿಲಲ್ಲಿ ಬಹುದೂರ ನಡೆದವರೆಂದೂ ಸೌದಿ ಸರಕಾರ ತಿಳಿಸಿತು. ಬಿಸಿಲಿನ ಆಘಾತವಾದಾಗ ಮಾತು ತೊದಲುತ್ತದೆ, ಮೈ ಸುಡುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದು ಆಯಾಸವಲ್ಲ, 911 ಅಥವಾ 997ಕ್ಕೆ ಕೂಡಲೇ ಕರೆಯಬೇಕಾದ ಸ್ಥಿತಿ. ಗಾಡಿ ಬರುವ ತನಕ ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಹಿರಿಯರ ಕೊರಳಿನ ಗುರುತಿನ ಚೀಟಿಯ ಹಿಂದೆ ಹೋಟೆಲಿನ ಹೆಸರು, ಮಿನಾದ ಗುಡಾರದ ಸಂಖ್ಯೆ, ಅವರಿಗಿರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿಡಿ.

ಭಾರತೀಯ ರಾಯಭಾರ ಕಚೇರಿಯ ನಂಬರೂ ಜೊತೆಯಲ್ಲಿರಲಿ. ಪಾಸ್‌ಪೋರ್ಟ್ ಕಳೆದರೆ, ಯಾರಾದರೂ ಬಂಧನದಲ್ಲಿದ್ದರೆ, ಮೃತದೇಹವನ್ನು ಊರಿಗೆ ತರಬೇಕಾದರೆ ಅಲ್ಲಿಗೇ ಹೋಗಬೇಕು. ಆದರೆ ರಾಯಭಾರ ಕಚೇರಿ ಆಂಬುಲೆನ್ಸ್ ಕಳುಹಿಸುವುದಿಲ್ಲ. ಮೊದಲು ಆ ದೇಶದ ತುರ್ತು ನಂಬರ್, ಆಮೇಲೆ ರಾಯಭಾರ ಕಚೇರಿ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದು ಕೆಲಸ ಒಪ್ಪಿಸುತ್ತೇನೆ. ಇಂದು ರಾತ್ರಿ ತಂದೆಯೋ ಅಣ್ಣನೋ ಫೋನ್ ಮಾಡಿದಾಗ ಎರಡೇ ಪ್ರಶ್ನೆ ಕೇಳಿ. "ಅಲ್ಲಿ ಆಂಬುಲೆನ್ಸ್ ನಂಬರ್ ಎಷ್ಟು? ನಿಮ್ಮ ಕಟ್ಟಡದ ಸಂಖ್ಯೆ ಎಷ್ಟು?" ಉತ್ತರ ಬಂದರೆ ಸಂತೋಷಪಡಿ. ಬಾರದಿದ್ದರೆ ಇಲ್ಲಿ ಬರೆದುಕೊಂಡದ್ದನ್ನು ಓದಿ ಹೇಳಿ, ಅವರ ರೂಮಿನ ಉಳಿದವರಿಗೂ ತಿಳಿಸುವಂತೆ ಒತ್ತಾಯಿಸಿ. ಮನೆಗೆ ಹಣ ಕಳುಹಿಸುವವರು ಅವರು. ಅವರ ಜೀವ ಕಾಯುವ ಒಂದು ಮಾತನ್ನು ಮನೆಯಿಂದ ಅವರಿಗೆ ಕಳುಹಿಸುವುದು ನಿಮ್ಮ ಪಾಲಿನ ಕರ್ತವ್ಯ.