ಮೂರು ಭಾಷೆಯ ಮಕ್ಕಳಿಗೆ ಎರಡು ಮಾತು

(ಮುಂಬಯಿಯಲ್ಲಿ ಸಂಘದ ವತಿಯಿಂದ ನಡೆದ ವಿದ್ಯಾರ್ಥಿ ಸನ್ಮಾನ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಮಾತಾಡತಕ್ಕವರು ಸಾಮಾನ್ಯವಾಗಿ ಪ್ರೊಫೆಸರರು, ಇಲ್ಲವೆ ಉದ್ಯಮಿಗಳು. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮುಗಿಸಿದ ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಯಾವ ಕಾಲೇಜು ಸೇರಬೇಕು, ಯಾವ ಪರೀಕ್ಷೆಗೆ ಕೂರಬೇಕು ಎಂಬುದನ್ನು ಬಲ್ಲವರು ಇಲ್ಲಿ ಅನೇಕರಿದ್ದಾರೆ. ಅವರು ಹೇಳದೆ ಬಿಡಬಹುದಾದ ಒಂದೇ ಸಂಗತಿಯನ್ನು ನಾನು ಅರಿಕೆ ಮಾಡುತ್ತೇನೆ. ಉದ್ಯೋಗದ ಕುರ್ಚಿಯಲ್ಲಿ ಕೂರುವ ಮೊದಲು, ನಿಮ್ಮ ಆಯುಷ್ಯದ ಕೆಲವು ದಿನಗಳನ್ನು ಬೇರೆ ನುಡಿಯ, ಬೇರೆ ನಡೆಯ ಜನರ ನಡುವೆ ಕಳೆಯಿರಿ. ಅವರ ಕೆಲಸಕ್ಕೆ ಒದಗಿರಿ.

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದರು. ನಿಮ್ಮ ತಂದೆ ತಾಯಿಗಳು ದೇಶ ಸುತ್ತಿದ್ದು ಹೊಟ್ಟೆಪಾಡಿಗಾಗಿ. ಅದರ ಫಲವಾಗಿ ನಿಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಕೂತಲ್ಲೇ ಬಂದಿವೆ. ಊರಿನಲ್ಲಿರುವ ನಿಮ್ಮ ಸೋದರತ್ತೆಯ ಮಕ್ಕಳು ಹಣ ಕೊಟ್ಟು ಕಲಿಯುವುದನ್ನು ನೀವು ಆಡುತ್ತಾಡುತ್ತಾ ಕಲಿತಿರಿ. ವಾಣಿಜ್ಯ ಓದಿದವನ ಮಾತಿನಲ್ಲಿ ಹೇಳುವುದಾದರೆ ಇದು ನಿಮ್ಮ ಮೂಲಧನ. ಮೂಲಧನವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಬೆಳೆಯುವುದಿಲ್ಲ.

ಇದರ ಮೇಲೆ ಒಂದು ಸಾಲವೂ ಇದೆ. ಈ ಊರಿಗೆ ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಆ ಶಾಲೆಗಳನ್ನು ಕಟ್ಟಿದವರು, ದಿನದ ದುಡಿಮೆ ಮುಗಿಸಿ ಅಲ್ಲಿ ಪಾಠ ಹೇಳಿದವರು ನಮ್ಮಂಥವರೇ. ಅವರು ಅಂದು ‘ನನ್ನ ಸಂಸಾರ ನನಗಾಯಿತು’ ಎಂದಿದ್ದರೆ, ಇಂದು ಈ ವೇದಿಕೆಯ ಮೇಲಿರುವ ಹಿರಿಯರಲ್ಲಿ ಕೆಲವರು ಇಲ್ಲಿರುತ್ತಿರಲಿಲ್ಲ.

ಬೇರೆಯವರ ನಡುವೆ ಹೋಗಿ ಬಾಳಿದವರ ಮಾತನ್ನು ಈಗ ಕೇಳಿರಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಎಂಬವರು 1942ರ ಚಳವಳಿಯ ಕಾಲಕ್ಕೆ ಹದಿಮೂರು ವಯಸ್ಸಿನ ಬಾಲಕ. ಆಗಲೇ ಅದರಲ್ಲಿ ಸೇರಿದವರು. ಮುಂದೆ ಅವರು ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡದ್ದು ಡಕಾಯಿತರ ಹೆಸರು ಕೇಳಿದರೇ ಜನ ನಡುಗುತ್ತಿದ್ದ ಚಂಬಲ್ ಕಣಿವೆಯನ್ನು. ಮಧ್ಯಪ್ರದೇಶದ ಮೊರೆನಾ ಜಿಲ್ಲೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಗುಂಪು ಗುಂಪಾಗಿ ಬಂದು ಶಸ್ತ್ರ ಕೆಳಗಿಟ್ಟಾಗ, ಅದರ ಹಿಂದೆ ಸುಬ್ಬರಾಯರ ದುಡಿಮೆಯೂ ಇತ್ತು. ಆ ಬಳಿಕ ನಾಡಿನ ಮೂಲೆ ಮೂಲೆಗಳಲ್ಲಿ ಅವರು ತರುಣರ ಶಿಬಿರಗಳನ್ನು ನಡೆಸಿದರು. ಹಲವು ರಾಜ್ಯಗಳ ಹುಡುಗ ಹುಡುಗಿಯರು ಒಂದೇ ಪಂಕ್ತಿಯಲ್ಲಿ ಉಂಡು, ಒಟ್ಟಿಗೆ ಗುದ್ದಲಿ ಹಿಡಿದು, ಸಂಜೆ ಒಬ್ಬರ ಭಾಷೆಯ ಹಾಡನ್ನು ಇನ್ನೊಬ್ಬರು ಕಲಿಯುವುದು ಅಲ್ಲಿಯ ಕ್ರಮ. 2021ರಲ್ಲಿ ತೀರಿಕೊಳ್ಳುವವರೆಗೂ ‘ಭಾಯೀಜಿ’ ಎಂದೇ ಅವರು ಪರಿಚಿತರು.

ನಾವಿರುವ ಈ ಮಹಾರಾಷ್ಟ್ರದಲ್ಲಿಯೇ ಕುಷ್ಠರೋಗಿಗಳಿಗಾಗಿ ಆನಂದವನವನ್ನು ಕಟ್ಟಿದ ಬಾಬಾ ಆಮ್ಟೆಯವರು, ಚಂದ್ರಪುರ ಜಿಲ್ಲೆಯ ಸೋಮನಾಥದಲ್ಲಿ 1967ರಲ್ಲಿ ತರುಣರಿಗಾಗಿ ಶ್ರಮಸಂಸ್ಕಾರದ ಛಾವಣಿಯನ್ನು ಆರಂಭಿಸಿದರು. ಮೇ ತಿಂಗಳ ಉರಿಬಿಸಿಲಿನಲ್ಲಿ ಪಟ್ಟಣದ ಮಕ್ಕಳು ಅಲ್ಲಿ ಮಣ್ಣು ಹೊತ್ತರು. 1985ರ ಡಿಸೆಂಬರಿನಲ್ಲಿ, ಬೆನ್ನುಮೂಳೆಯ ಬೇನೆಯಿಂದ ಕೂರಲಾಗದ ಸ್ಥಿತಿಯಲ್ಲಿಯೂ ಬಾಬಾ ಅವರು ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಹೊರಟರು. ಜೊತೆಗೆ ಸೈಕಲ್ ತುಳಿದ ತರುಣ ತರುಣಿಯರು ನೂರಕ್ಕೂ ಮಿಕ್ಕಿದ್ದರು.

ಅಷ್ಟು ದೂರ ಎಲ್ಲರೂ ಹೋಗಬೇಕೆಂದು ನಾನು ಹೇಳುವುದಿಲ್ಲ. ಬೇರೆಯ ಲೋಕವೊಂದು ನಿಮ್ಮ ರೈಲ್ವೆ ನಿಲ್ದಾಣದ ಆಚೆಯೇ ಇದೆ. ಬೆಳಗಿನ ಎಂಟು ಗಂಟೆಗೆ ನಾಕಾದಲ್ಲಿ ಕರಣೆ, ಬುಟ್ಟಿ ಹಿಡಿದು ಕೂಲಿಗಾಗಿ ಕಾದು ನಿಂತವರನ್ನು ನೋಡಿರಿ. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯವರು ಇದ್ದಾರೆ. ಅವರದೂ ಕನ್ನಡವೇ, ಆದರೆ ನಿಮ್ಮ ಮನೆಯ ಕನ್ನಡವಲ್ಲ. ಕೆಲವರ ಮನೆಮಾತು ಲಂಬಾಣಿ. ಒಂದೇ ರಾಜ್ಯೋತ್ಸವದ ಬಾವುಟದ ಕೆಳಗಿನವರಾದರೂ ನಮ್ಮ ಅವರ ನಡುವೆ ಮಾತುಕತೆ ಎಷ್ಟಿದೆ ಎಂದು ನಾವೇ ಕೇಳಿಕೊಳ್ಳಬೇಕು.

ಮಾತು ಇಲ್ಲದಿದ್ದರೆ ಏನು ನಷ್ಟ ಎಂಬುದು ಬ್ಯಾಂಕಿನ ಕೌಂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಒಮ್ಮೆ ಒಬ್ಬ ತಾಯಿ, ಸಾರವೆಯಿಂದ ಬಿದ್ದು ಸತ್ತ ಗಂಡನ ಪಾಸ್‌ಬುಕ್ಕನ್ನು ತಂದು, ಉಳಿದ ಹಣ ಸಿಕ್ಕೀತೇ ಎಂದು ಕೇಳಿದರು. ಖಾತೆಯಲ್ಲಿ ನಾನೂರು ರೂಪಾಯಿ ಇತ್ತು. ಆದರೆ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿತ್ತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರತಕ್ಕದ್ದು. ಆಕೆಗೆ ಅದರ ಸುಳಿವೇ ಇರಲಿಲ್ಲ. ಪೊಲೀಸ್ ಠಾಣೆಯ ಪಂಚನಾಮೆ, ಆಸ್ಪತ್ರೆಯ ವರದಿ, ಮರಣಪತ್ರ ಎಲ್ಲವೂ ಬೇಕು, ಎಲ್ಲವೂ ಮರಾಠಿಯಲ್ಲಿ. ನಾನು ಕೌಂಟರು ಬಿಟ್ಟು ಏಳುವಂತಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ನಮ್ಮವರ ಮನೆಯ ಒಬ್ಬ ಕಾಲೇಜು ಹುಡುಗ, ‘ನಾನು ಹೋಗಿ ಬರುತ್ತೇನೆ, ಅಂಕಲ್’ ಎಂದ. ನಾಲ್ಕು ದಿನ ಆಕೆಯೊಡನೆ ತಿರುಗಿದ. ಠಾಣೆಯಲ್ಲಿ ಮರಾಠಿ, ಆಕೆಯೊಡನೆ ಕನ್ನಡ. ಆಕೆಯ ಮಾತು ಮೊದಲ ದಿನ ಅವನಿಗೆ ಅರ್ಧ ತಿಳಿಯಲಿಲ್ಲ. ನಾಲ್ಕನೆಯ ದಿನಕ್ಕೆ ಅವಳ ಗುಡಿಸಲಿನಲ್ಲಿ ಕೂತು ಜೋಳದ ರೊಟ್ಟಿ ತಿಂದ. ಹಣ ಬಂತು. ಆ ಹುಡುಗ ಕೊಟ್ಟದ್ದು ಕಾಸಲ್ಲ, ತನಗೆ ತಿಳಿದಿದ್ದ ಎರಡು ಭಾಷೆ ಮತ್ತು ನಾಲ್ಕು ದಿನ.

ಇಂಥ ಕೆಲಸ ಬೇಕಾದಷ್ಟಿದೆ. ಕಾನೂನಿನ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60ರೊಳಗಿನ ಕೂಲಿಗಾರರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅಪಘಾತ, ಹೆರಿಗೆ, ಮಕ್ಕಳ ಓದು ಇವಕ್ಕೆ ನೆರವು ಕೊಡುವುದು ಮಂಡಳಿಯ ಕೆಲಸ. ಊರಿನ ರೇಷನ್ ಕಾರ್ಡಿನ ಮೇಲೆ ಇಲ್ಲಿಯೂ ಧಾನ್ಯ ಪಡೆಯುವ ಏರ್ಪಾಡಿದೆ. ಇದನ್ನು ಅವರ ಮಾತಿನಲ್ಲಿ ಹೇಳಿ, ಫಾರಮು ತುಂಬಿಕೊಡುವವರು ಬೇಕು. ಹೋದಾಗ ಉಪದೇಶ ಮಾಡಬೇಡಿ; ಮೊದಲು ಕೂತು ಕೇಳಿರಿ.

ಕ್ರಮವಾಗಿ ಸೇವೆ ಮಾಡಬೇಕೆನ್ನುವವರಿಗೆ ದಾರಿಗಳಿವೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜುಗಳಲ್ಲಿದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಅದರ ಜೊತೆಗೆ ಏಳು ದಿನದ ಶಿಬಿರ. ಅದರ ಧ್ಯೇಯವಾಕ್ಯವನ್ನು ಕನ್ನಡದಲ್ಲಿ ‘ನನಗಲ್ಲ, ನಿನಗೆ’ ಎನ್ನುತ್ತಾರೆ. 1948ರಿಂದ ಇರುವ ಎನ್.ಸಿ.ಸಿ.ಯ ಶಿಬಿರಗಳಲ್ಲಿ ಬೇರೆ ರಾಜ್ಯಗಳ ಕೆಡೆಟ್ಟುಗಳೊಡನೆ ಇರುವ ಅವಕಾಶ ಸಿಗುತ್ತದೆ. ಸೇರಿದವರು ಸೈನ್ಯಕ್ಕೆ ಹೋಗಲೇಬೇಕೆಂಬ ಕಟ್ಟಳೆಯಿಲ್ಲ. ಪ್ರಮಾಣಪತ್ರಕ್ಕಾಗಿ ಮಾತ್ರ ಸೇರುವವರೂ ಇದ್ದಾರೆ, ನೀವು ಹಾಗಾಗಬೇಡಿ.

ಇನ್ನು ತಾಯಿ ತಂದೆಗಳಲ್ಲಿ ಎರಡು ಬಿನ್ನಹ. ಮಗಳನ್ನು ಶಿಬಿರಕ್ಕೆ ಕಳಿಸಲು ಅಂಜಿಕೆ ಸಹಜ. ಜೊತೆಗೆ ಹೋಗುವ ಅಧ್ಯಾಪಿಕೆ ಯಾರು, ಉಳಿಯುವ ಜಾಗ ಯಾವುದು ಎಂದು ವಿಚಾರಿಸಿರಿ. ತೃಪ್ತಿಯಾದರೆ ಮಗನಿಗೆ ಕೊಟ್ಟ ಅಪ್ಪಣೆಯನ್ನು ಮಗಳಿಗೂ ಕೊಡಿರಿ. ಅಂಕ ಕಡಿಮೆಯಾದೀತು ಎನ್ನುವಿರಾ? ಪರೀಕ್ಷೆ ಮುಗಿದು ಮುಂದಿನ ತರಗತಿ ಆರಂಭವಾಗುವವರೆಗೆ ಎರಡು ತಿಂಗಳು ಬಿಡುವು ಇದ್ದೇ ಇದೆ.

ಹೀಗೆ ಕಲೆತರೆ ಕನ್ನಡ ಕರಗೀತೆಂಬ ಭಯವೂ ಕೆಲವರಿಗಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯಲ್ಲಿ ಓದಿ, ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದರು. ಮಾಸ್ತಿಯವರ ಮನೆಮಾತು ತಮಿಳು. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಇನ್ನೊಂದು ನುಡಿಯವರಿಂದ ನಮ್ಮ ನುಡಿ ಇಷ್ಟು ಪಡೆದಿರುವಾಗ, ನಮ್ಮ ಮಕ್ಕಳು ಇನ್ನೊಬ್ಬರ ಅಂಗಳಕ್ಕೆ ಹೋಗಲು ಅಳುಕಬೇಕಾದ ಕಾರಣವಿಲ್ಲ.

ತಮ್ಮಂದಿರೇ, ತಂಗಿಯರೇ, ಈ ನವೆಂಬರಿನಿಂದ ಮುಂದಿನ ನವೆಂಬರಿನೊಳಗೆ ನಿಮ್ಮಲ್ಲಿ ಹತ್ತು ಮಂದಿ ತಲಾ ಹತ್ತು ದಿನ ಕೊಟ್ಟರೆ, ಒಟ್ಟು ನೂರು ದಿನದ ಸೇವೆಯಾಗುತ್ತದೆ. ಸಂಘದ ಕಚೇರಿಯಲ್ಲಿ ಒಂದು ಪುಸ್ತಕವಿಡಬೇಕೆಂದು ಅಧ್ಯಕ್ಷರನ್ನು ಬೇಡುತ್ತೇನೆ. ಅದರ ಲೆಕ್ಕ ಬರೆಯುವ ಕೆಲಸ ನನಗಿರಲಿ. ಅದೊಂದನ್ನು ನಾನು ಬಲ್ಲೆ. ನಿಮಗೆಲ್ಲ ಒಳ್ಳೆಯದಾಗಲಿ.