ಮರೆವು ಬಂದವರ ಕಾಲು ಕಟ್ಟಬೇಡಿ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಾನು ವೈದ್ಯನಲ್ಲ. 35 ವರ್ಷ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕಾಲುವೆ, ತೂಬು, ಗೇಟುಗಳ ಕೆಲಸ ಮಾಡಿದವನು. ಮರೆವಿನ ಕಾಯಿಲೆ ಇರುವ ಹಿರಿಯರು ಮನೆಯಲ್ಲಿ ಬಿಡುವಿನ ವೇಳೆ ಹೇಗೆ ಕಳೆಯಬೇಕು ಎಂಬುದು ಇಂದು ನನಗೆ ಕೊಟ್ಟ ವಿಷಯ. ಇದರಲ್ಲಿ ನನಗೆ ತಿಳಿದಿರುವುದೆಲ್ಲ ನಾನು ಮಾಡಿದ ಒಂದು ತಪ್ಪಿನಿಂದ ಕಲಿತದ್ದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಿವೃತ್ತನಾಗಿ ಧಾರವಾಡದ ಮನೆಗೆ ಬಂದಾಗ ಅವ್ವನಿಗೆ 79 ವರ್ಷ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಹೇಳಿಕೊಂಡು ಒಂದು ವರ್ಷ ಕಳೆದೆವು. ಒಂದು ಸಂಜೆ ತವರಿಗೆ ಹೋಗುತ್ತೇನೆಂದು ಹೊರಟವಳು ಮೂರು ತಾಸು ಸಿಗಲಿಲ್ಲ. ಆಮೇಲೆ ವೈದ್ಯರ ಬಳಿ ಕರೆದುಕೊಂಡು ಹೋದೆವು. ಡಿಮೆನ್ಷಿಯಾ ಎಂದರು.

ನಾನು ಎಂಜಿನಿಯರ್ ಬುದ್ಧಿ ಓಡಿಸಿದೆ. ಗೇಟಿಗೆ ಕೀಲಿ, ಅಡುಗೆಮನೆಗೆ ಚಿಲಕ, ಟಿ.ವಿ. ಮುಂದೆ ಒಂದು ಆರಾಮ ಕುರ್ಚಿ. ಅವ್ವ ಎದ್ದರೆ ಸಾಕು, ಮನೆಯವರೆಲ್ಲ 'ಅವ್ವಾ, ಕೂಡು, ಏಳಬ್ಯಾಡ' ಎನ್ನುತ್ತಿದ್ದೆವು. ನನ್ನ ಲೆಕ್ಕದಲ್ಲಿ ಅಪಾಯಗಳೆಲ್ಲ ಮುಗಿದಿದ್ದವು. ಎಂಟು ತಿಂಗಳಲ್ಲಿ ಅವಳಿಗೆ ಕೈ ಹಿಡಿದು ಎಬ್ಬಿಸದೆ ಏಳಲು ಬಾರದಾಯಿತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಒಂದು ನಡುರಾತ್ರಿ ಬಚ್ಚಲಿಗೆ ಹೊರಟು ಬಿದ್ದಳು. ಮಣಿಕಟ್ಟು ಮುರಿಯಿತು.

ಫಿಸಿಯೋಥೆರಪಿ ಮಾಡಲು ಬಂದ ಹುಡುಗಿ ನೇರವಾಗಿಯೇ ಹೇಳಿದಳು: 'ಅಜ್ಜಿ ಬಿದ್ದದ್ದು ಕಾಲಿನ ಶಕ್ತಿ ಹೋದದ್ದಕ್ಕೆ. ಶಕ್ತಿ ಹೋದದ್ದು ಕೂತಿದ್ದಕ್ಕೆ.' ನನಗೆ ನಮ್ಮ ಗೇಟುಗಳು ನೆನಪಾದವು. ಬೇಡದ ಕಾಲದಲ್ಲೂ ಆಗಾಗ ಅವನ್ನು ಎತ್ತಿ ಇಳಿಸುತ್ತಿದ್ದೆವು. ಇಲ್ಲದಿದ್ದರೆ ತುಕ್ಕು ಹಿಡಿದು ಪ್ರವಾಹ ಬಂದ ದಿನ ಏಳುವುದಿಲ್ಲ. ಕಬ್ಬಿಣದ ಗೇಟಿಗೆ ಕೊಟ್ಟ ಆರೈಕೆಯನ್ನು ಹೆತ್ತವ್ವನಿಗೆ ಕೊಟ್ಟಿರಲಿಲ್ಲ.

ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು: 'ಬಿಡುವಿದ್ದಾಗ ಅಜ್ಜಿಗೆ ಏನು ಮಾಡುವುದು ಇಷ್ಟವಿತ್ತು?' ನಾವು ಮೂವರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದೆವು. ಅಪ್ಪನಿಗೆ ಏನು ಇಷ್ಟವಿತ್ತು ಎಂದು ಕೇಳಿದ್ದರೆ ಪಟ್ಟಿಯನ್ನೇ ಕೊಡುತ್ತಿದ್ದೆವು. ಅವ್ವ ಬಿಡುವಾಗಿ ಇದ್ದದ್ದನ್ನು ನಾವು ನೋಡಿಯೇ ಇರಲಿಲ್ಲ. ಕೊನೆಗೆ ಉತ್ತರ ಕೊಟ್ಟವಳು ಹಳ್ಳಿಯಲ್ಲಿದ್ದ ಚಿಕ್ಕವ್ವ: 'ನಿಮ್ಮವ್ವಗ ಹೂವಂದ್ರ ಜೀವ. ಪಂಚಮಿಗೆ ಫುಗಡಿ ಆಡಾಕ ನಿಂತ್ರ ಅಕೀನ್ನ ಸೋಲಿಸೋರ ಇರಲಿಲ್ಲ.'

ಅಲ್ಲಿಂದ ನಮ್ಮ ದಾರಿ ಬದಲಾಯಿತು. ಹಿತ್ತಲಿನಲ್ಲಿ ಸೊಂಟದ ಎತ್ತರಕ್ಕೆ ದಾಸವಾಳ, ಕನಕಾಂಬರ ಕುಂಡಗಳನ್ನು ಇಟ್ಟೆವು. ಬೆಳಿಗ್ಗೆ ಎಳೆಬಿಸಿಲಿನಲ್ಲಿ ನಾನು ಬುಟ್ಟಿ ಹಿಡಿಯುವುದು, ಅವ್ವ ಹೂ ಕೀಳುವುದು. ಮೊದಲು ಐದು ನಿಮಿಷ, ಮೂರು ತಿಂಗಳಿಗೆ ಅರ್ಧ ತಾಸು. 'ವ್ಯಾಯಾಮ ಮಾಡು' ಎಂದರೆ ಕೈ ಕೊಡವಿಕೊಂಡು ಕೂಡುತ್ತಿದ್ದವಳು 'ಹೂ ಬಾಡತಾವ ಬಾ' ಎಂದರೆ ಏಳುತ್ತಿದ್ದಳು. ಸಂಜೆ ಮೊಮ್ಮಗಳು ಎರಡೂ ಕೈ ಹಿಡಿದು ಫುಗಡಿಯ ಹೆಜ್ಜೆ ಹಾಕಿಸುತ್ತಿದ್ದಳು. ಗಿರಗಿರ ತಿರುಗುವುದಿಲ್ಲ, ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು ಹೆಜ್ಜೆ. ಮೊಮ್ಮಗಳ ಹೆಸರು ಮರೆತ ಅವ್ವನ ಕಾಲು ಆ ಹೆಜ್ಜೆಯನ್ನು ಮರೆತಿರಲಿಲ್ಲ. ಘಟನೆಗಳ ನೆನಪು ಮೊದಲು ಹೋಗುತ್ತದೆ, ಕೈಕಾಲು ಕಲಿತ ಅಭ್ಯಾಸ ಬಹಳ ಕಾಲ ಉಳಿಯುತ್ತದೆ ಎಂದು ವೈದ್ಯರು ವಿವರಿಸಿದರು.

ಇದು ನಮ್ಮ ಮನೆಯ ಕಥೆ ಮಾತ್ರ ಎಂದುಕೊಳ್ಳಬೇಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು.

ಸುಳ್ಳು ಆಸೆಯನ್ನೂ ನಾನು ಹುಟ್ಟಿಸುವುದಿಲ್ಲ. ಇಂಗ್ಲೆಂಡಿನಲ್ಲಿ 494 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಠಿಣ ವ್ಯಾಯಾಮದಿಂದ ಮೈಯ ಶಕ್ತಿ ಹೆಚ್ಚಿತು, ಆದರೆ ಮರೆವು ನಿಧಾನವಾಗಲಿಲ್ಲ. ಫಿನ್ಲೆಂಡಿನಲ್ಲಿ ಮನೆಯಲ್ಲೇ ಇದ್ದ 210 ಅಲ್ಜೈಮರ್ ರೋಗಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ವರ್ಷ, ವಾರಕ್ಕೆರಡು ಸಲ ಮನೆಯಲ್ಲೇ ವ್ಯಾಯಾಮ ಮಾಡಿದವರು ತಮ್ಮ ನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿಯನ್ನು ಉಳಿದವರಿಗಿಂತ ನಿಧಾನವಾಗಿ ಕಳೆದುಕೊಂಡರು. ವ್ಯಾಯಾಮ ಮಾಡಿದವರು ಬಿದ್ದದ್ದೂ ಕಡಿಮೆ. ಅಂದರೆ ನೆನಪು ಮರಳಿ ಬಾರದಿದ್ದರೂ ತಾನೇ ಎದ್ದು ಬಚ್ಚಲಿಗೆ ಹೋಗುವ ಮರ್ಯಾದೆಯನ್ನು ಇನ್ನಷ್ಟು ಕಾಲ ಉಳಿಸಬಹುದು.

ಮನೆಯಲ್ಲಿ ಇಂಥವರಿದ್ದರೆ ಕೆಲವು ಮಾತು ನೆನಪಿಡಿ. ಮೊದಲು ವೈದ್ಯರಿಗೆ ಹೃದಯ, ರಕ್ತದೊತ್ತಡ, ಮೊಣಕಾಲು ತೋರಿಸಿ. ಹಲವರಿಗೆ ಸಂಜೆಯಾದಂತೆ ಚಡಪಡಿಕೆ ಹೆಚ್ಚುತ್ತದೆ. ಮನಸ್ಸು ಶಾಂತವಾಗಿರುವ ಹೊತ್ತು ಆರಿಸಿ. ಜಾರದ, ಹಿಮ್ಮಡಿ ಹಿಡಿಯುವ ಚಪ್ಪಲಿ ಇರಲಿ. ನೆಲದ ಮೇಲೆ ಒದ್ದೆ, ವೈರು, ಮಡಿಚಿದ ಚಾಪೆ ಬೇಡ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹೇಳುವುದಕ್ಕಿಂತ ಜೊತೆಗೆ ಮಾಡಿ ತೋರಿಸಿ. ಕುರ್ಚಿಯ ಕೈ ಹಿಡಿದು ದಿನಕ್ಕೆ ಹತ್ತು ಸಲ ಎದ್ದು ಕೂಡುವುದೂ ತೊಡೆಗೆ ಬಲ ಕೊಡುತ್ತದೆ. ಹೊರಗೆ ಹೋಗುವಾಗ ಹೆಸರು, ಫೋನ್ ನಂಬರಿನ ಚೀಟಿ ಸೆರಗಿನಲ್ಲೋ ಕಿಸೆಯಲ್ಲೋ ಇರಲಿ. ನೋವು, ಏದುಸಿರು, ತಲೆಸುತ್ತು ಕಂಡರೆ ನಿಲ್ಲಿಸಿ. ಗೇಟಿನ ಕೀಲಿ ಇರಲಿ, ಆದರೆ ದಿನಕ್ಕೊಮ್ಮೆ ಅದನ್ನು ತೆಗೆದು ಅವರ ಕೈ ಹಿಡಿದು ನಡೆಯಿರಿ.

ಇನ್ನೊಂದು ಮಾತು, ಇಲ್ಲಿ ಕುಳಿತ ಗಂಡಸರಿಗೆ. ಆ ಎಂಟು ತಿಂಗಳು ಅವ್ವನ ಊಟ, ಸ್ನಾನ, ರಾತ್ರಿಯ ಜಾಗರಣೆ ಎಲ್ಲ ನನ್ನ ಹೆಂಡತಿಯ ಪಾಲಾಗಿತ್ತು. ನಾನು ಕೀಲಿ ಹಾಕಿ ಪೇಪರ್ ಓದುತ್ತಿದ್ದೆ. ಹೂಬುಟ್ಟಿ ಹಿಡಿದ ಮೇಲೆಯೇ ನನಗೆ ಆರೈಕೆಯ ಭಾರ ತಿಳಿದದ್ದು. ಕಾಯಕ ಎಂದು ಬಾಯಲ್ಲಿ ಹೇಳುವ ನಾವು ಈ ಕೆಲಸವನ್ನು ಸೊಸೆಯಂದಿರಿಗೆ ಬಿಟ್ಟು ಕೈ ತೊಳೆದುಕೊಳ್ಳಬಾರದು.

ಪೂಜ್ಯರಲ್ಲಿ ಒಂದು ವಿನಂತಿ. ಇಂಥ ಹಿರಿಯರನ್ನು ನಾಚಿಕೆಯಿಂದ ಒಳಗಿಡುವ ಮನೆಗಳು ನಮ್ಮಲ್ಲಿ ಬಹಳ. ವಾರಕ್ಕೊಂದು ಬೆಳಿಗ್ಗೆ ಮಠದ ಅಂಗಳವನ್ನು ಅವರಿಗಾಗಿ ತೆರೆದಿಡೋಣ. ನಾಲ್ಕು ಹೆಜ್ಜೆ ನಡೆಯಲಿ, ಹೂ ಬಿಡಿಸಲಿ, ಭಜನೆಗೆ ಚಪ್ಪಾಳೆ ತಟ್ಟಲಿ. ಕೈ ಹಿಡಿಯಲು ನಮ್ಮಂಥ ನಿವೃತ್ತರು ಬರುತ್ತೇವೆ.

ಅವ್ವ ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ಕೊನೆಯ ವರ್ಷ ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. 'ಹೂವಿನ ತಮ್ಮಾ' ಎಂದು ಕರೆಯುತ್ತಿದ್ದಳು. ಆದರೆ ಹಾಸಿಗೆ ಹಿಡಿದ ಕಡೆಯ ಹನ್ನೊಂದು ದಿನ ಬಿಟ್ಟರೆ ತನ್ನ ಕಾಲ ಮೇಲೆ ತಾನೇ ನಿಂತಿದ್ದಳು. ಕುರ್ಚಿಯಲ್ಲಿ ಕೂಡಿಸಿ ನಾನು ಕಳೆದ ಆ ಎಂಟು ತಿಂಗಳನ್ನು ಮರಳಿ ಕೊಡಲಾರೆ. ನಿಮ್ಮ ಮನೆಯಲ್ಲಿ ಅದು ಆಗದಿರಲಿ ಎಂದು ಕೇಳಿಕೊಂಡು ಮಾತು ಮುಗಿಸುತ್ತೇನೆ.