ಹಬ್ಬವೂ ಮಕ್ಕಳ ಕೈಗೆಲಸವೂ



ಕನ್ನಡದ ‘ಹಬ್ಬ’ ಎಂಬ ಮಾತು ಸಂಸ್ಕೃತದ ‘ಪರ್ವ’ದಿಂದ ಬಂದ ತದ್ಭವ. ಪರ್ವ ಪಬ್ಬವಾಯಿತು, ಪಬ್ಬ ಹಬ್ಬವಾಯಿತು. ಪರ್ವ ಎಂಬುದಕ್ಕೆ ಗೆಣ್ಣು ಎಂಬ ಅರ್ಥವೂ ಉಂಟು: ಕಬ್ಬಿನ ಗೆಣ್ಣು, ಬಿದಿರಿನ ಗೆಣ್ಣು, ನಮ್ಮ ಬೆರಳಿನ ಗೆಣ್ಣು. ವರ್ಷವೆಂಬ ನೀಳವಾದ ಜಲ್ಲೆಯಲ್ಲಿ ಹಬ್ಬಗಳು ಗೆಣ್ಣುಗಳಿದ್ದಂತೆ. ಕಬ್ಬನ್ನು ತುಂಡರಿಸಿ ನೆಟ್ಟರೆ ಮೊಳಕೆ ಒಡೆಯುವುದೂ ಗೆಣ್ಣಿನಲ್ಲಿಯೇ. ಈ ಶಬ್ದದ ಕಥೆಯನ್ನು ಸುಮಾರು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದೆ. ಆದರೆ ನನ್ನ ಮನೆಯಲ್ಲಿಯೇ ಅಂಥದೊಂದು ಮೊಳಕೆಯನ್ನು ನಾನು ಚಿವುಟಿದ್ದೆನೆಂಬುದು ತಿಳಿದದ್ದು ಬಹಳ ತಡವಾಗಿ. ಅದನ್ನು ಹೇಳುವ ಮೊದಲು ನನ್ನ ಬಾಲ್ಯದ ಹಬ್ಬವೊಂದನ್ನು ತಮ್ಮ ಮುಂದಿಡಬೇಕು.

ನನ್ನ ಊರು ಕೊಪ್ಪ ತಾಲ್ಲೂಕಿನ ನಾರ್ವೆ. ಇದು 1960ರ ದಶಕದ ಕಡೆಯ ವರ್ಷಗಳ ಮಾತು. ಮಲೆನಾಡಿನ ಮಳೆ ಹಿಂದೆ ಸರಿದು, ಅಡಿಕೆಯ ಗೊನೆಗಳು ಹಣ್ಣಾಗತೊಡಗಿ, ಬತ್ತದ ಗದ್ದೆಗಳು ಬಣ್ಣ ತಿರುಗುವ ಹೊತ್ತಿಗೆ ದೀಪಾವಳಿ ಬರುತ್ತಿತ್ತು. ಪಂಚಾಂಗದ ಪ್ರಕಾರ ಅದು ಮೂರು ದಿನಗಳ ಹಬ್ಬ. ಮಕ್ಕಳ ಲೆಕ್ಕದಲ್ಲಿ ಹತ್ತು ದಿನಗಳದು. ಬಲಿಪಾಡ್ಯಮಿಯ ಗೋಪೂಜೆಗೆ ಕೊಟ್ಟಿಗೆಯಲ್ಲಿ ಎಷ್ಟು ಕೊರಳುಗಳಿವೆಯೋ ಅಷ್ಟು ಮಾಲೆಗಳು ಸಿದ್ಧವಾಗಬೇಕು. ನಮ್ಮಲ್ಲಿ ಕರುಗಳೂ ಸೇರಿ ಹದಿನಾಲ್ಕು ದನಗಳಿದ್ದವು. ಎಲ್ಲವೂ ಮಲೆನಾಡು ಗಿಡ್ಡ ತಳಿಯವು. ಮಾಲೆ ಕಟ್ಟುವ ಕೆಲಸವನ್ನು ಯಾರೂ ನಮಗೆ ವಹಿಸಿಕೊಟ್ಟ ನೆನಪಿಲ್ಲ. ಅದು ನಮ್ಮದೇ ಎಂದು ನಮಗೆ ಗೊತ್ತಿತ್ತು, ಅಷ್ಟೆ.

ಬಾಳೆಯ ಪಟ್ಟೆಯನ್ನು ಸೀಳಿ, ನೆರಳಿನಲ್ಲಿ ಒಣಗಿಸಿ ನಾರು ಮಾಡಿಕೊಳ್ಳುವುದು ಮೊದಲ ಕೆಲಸ. ಆಮೇಲೆ ಹಣ್ಣಡಿಕೆಗೆ ದಬ್ಬಣದಿಂದ ತೂತು ಮಾಡುವುದು. ಇದನ್ನು ದೊಡ್ಡ ಹುಡುಗರು ಮಾಡುತ್ತಿದ್ದರು. ಚಿಕ್ಕವರು ಅಡಿಕೆ ಜಾರದಂತೆ ಹಿಡಿಯಬೇಕು. ಅಡಿಕೆಯ ನಡುನಡುವೆ ಚೆಂಡುಹೂ, ಪಚ್ಚೆತೆನೆ, ಅಡಿಕೆಯ ಸಿಂಗಾರ, ವೀಳ್ಯದೆಲೆ. ಎತ್ತಿಗೆ ಭಾರವಾದ ಮಾಲೆ, ಕರುವಿಗೆ ಹಗುರವಾದದ್ದು. ಹಾಯುವ ಹಸುವೊಂದಿತ್ತು, ಅದಕ್ಕೆ ದೂರದಿಂದ ಎಸೆದು ಹಾಕುವಂತೆ ಅಗಲವಾದ ಮಾಲೆ. ಅಳತೆಗೆಂದು ಮತ್ತೆಮತ್ತೆ ಕೊಟ್ಟಿಗೆಗೆ ಹೋಗಿ ಕೊರಳ ಸುತ್ತ ನಾರು ಹಿಡಿದು ನೋಡಿ ಬರುತ್ತಿದ್ದೆವು. ಹಬ್ಬದ ಬೆಳಿಗ್ಗೆ ದನಗಳ ಮೈತೊಳೆದ ಮೇಲೆ ಬಣ್ಣದ ಕೆಲಸ. ಪಾವಿನ ಬಾಯಿಯನ್ನು ಜೇಡಿಯಲ್ಲಿ ಅದ್ದಿ ಹೊಟ್ಟೆಯ ಮೇಲೆ ಒತ್ತಿದರೆ ಬಿಳಿಯ ಉಂಗುರ, ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದರೆ ಕೆಂಪು ಉಂಗುರ. ಕಪ್ಪು ಹಸುವಿಗೆ ಬಿಳಿಯದು ಒಪ್ಪುತ್ತದೆ, ಬಿಳಿಯದಕ್ಕೆ ಕೆಂಪು. ವರ್ಣಸಂಯೋಜನೆಯ ಮೊದಲ ಪಾಠ ನನಗೆ ಆದದ್ದು ಹಸುವಿನ ಪಕ್ಕೆಯ ಮೇಲೆ.

ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ಬರುತ್ತಿದ್ದರು. ಅವರ ದೀಪ ಆರದಂತೆ ನಮ್ಮ ಜಗಲಿಯಿಂದ ಎಣ್ಣೆ ಎರೆಯುವುದೂ ಮನೆಯ ಒಂದು ಮಗುವಿನ ಪಾಲಿಗೆ ಬರುತ್ತಿತ್ತು. ಎಣ್ಣೆಯ ಮಿಳ್ಳೆಯನ್ನು ಚೆಲ್ಲದಂತೆ ಹಿಡಿದ ಆ ಮಗುವಿನ ಮುಖದ ಗಾಂಭೀರ್ಯವನ್ನು ಪುರೋಹಿತರ ಮುಖದಲ್ಲಿಯೂ ನಾನು ಕಂಡಿಲ್ಲ.

ದೀಪಾವಳಿಯೊಂದೇ ಅಲ್ಲ. ಚೌತಿಗೆ ಗಣಪತಿಯ ಮಂಟಪದ ಮೇಲೆ ಫಲಾವಳಿ ಕಟ್ಟಬೇಕು. ಸೌತೆ, ಹಾಗಲ, ಚಕ್ಕೋತ, ಎಳೆಯ ತೆಂಗು ಇವುಗಳನ್ನೆಲ್ಲ ತೋಟ ಹಿತ್ತಿಲುಗಳಿಂದ ಹುಡುಕಿ ತರುವವರು ಹುಡುಗರು. ಅದೇ ಕಾಲಕ್ಕೆ ಬಿದಿರಿನ ಅಂಡೆಯಲ್ಲಿ ಪೆಟ್ಲು ಮಾಡಿ ಜುಮ್ಮನಕಾಯಿ ಹಾಕಿ ಸಿಡಿಸುವ ಸಂಭ್ರಮ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಮನೆಗಳಲ್ಲಿ ಭೂಮಿಹುಣ್ಣಿಮೆಗೆ ಬುಟ್ಟಿಗಳ ಮೇಲೆ ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ, ಬತ್ತದ ಸಸಿ, ತೆನೆ, ಏಣಿಗಳನ್ನು ಮೂಡಿಸುತ್ತಾರೆ. ಆ ಬುಟ್ಟಿ ಗೋಡೆಗೆ ತೂಗುಹಾಕುವ ವಸ್ತುವಲ್ಲ. ಬಸಿರಾದ ಭೂಮಿಗೆ ಬಯಕೆಯ ಊಟವನ್ನು ಅದರಲ್ಲಿಟ್ಟು ಗದ್ದೆಗೆ ಹೊರುತ್ತಾರೆ. ಅಮ್ಮ ಬರೆಯುವಾಗ ಪಕ್ಕದಲ್ಲಿ ಕುಳಿತ ಮಗಳು ಒಂದೆರಡು ಗೆರೆ ಎಳೆಯುತ್ತಾಳೆ. ಅದೇ ಆ ಕಲೆಯ ಪಾಠಶಾಲೆ.

ಹೀಗೆಂದು ಹಿಂದಿನದೆಲ್ಲ ಹೊನ್ನಾಗಿತ್ತೆಂದು ನಾನು ಹೇಳಲಾರೆ. ನಮ್ಮ ಕೈಗೆಲಸಕ್ಕೆ ಒಂದು ಕಾರಣ ಮನೆಯಲ್ಲಿ ಕಾಸಿಲ್ಲದ್ದು. ಹುಡುಗರು ಮಾಲೆ ಕಟ್ಟುತ್ತಾ ನಗುತ್ತಿದ್ದಾಗ ಅಕ್ಕಂದಿರು ಅಡುಗೆಮನೆಯ ಹೊಗೆಯಲ್ಲಿ ಕಡುಬಿನ ಹಿಟ್ಟು ರುಬ್ಬುತ್ತಿದ್ದರು. ತೋಟದ ಆಳುಗಳ ಮಕ್ಕಳು ನಮಗೆ ಪಚ್ಚೆತೆನೆ ತಂದುಕೊಟ್ಟು, ಪೂಜೆಯ ಹೊತ್ತಿಗೆ ಅಂಗಳದ ಆಚೆ ನಿಂತು ನೋಡುತ್ತಿದ್ದರು. ಅವರನ್ನು ಒಳಗೆ ಕರೆಯಬೇಕೆಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ. ಆ ಹಬ್ಬವನ್ನು ಮರಳಿ ತರುವುದಾದರೆ ಇಷ್ಟನ್ನು ಬಿಟ್ಟೇ ತರಬೇಕು.

ಈಗ ನನ್ನ ತಪ್ಪಿನ ಕಥೆ. 1995ರ ಸುಮಾರು. ನಾನು ದೂರದ ಪಟ್ಟಣವೊಂದರಲ್ಲಿ ಅಧ್ಯಾಪಕ. ದೀಪಾವಳಿಗೆ ನಾರ್ವೆಗೆ ಬರುವಾಗ ಇಬ್ಬರು ಸಹೋದ್ಯೋಗಿಗಳನ್ನು ಜೊತೆಗೆ ಕರೆತಂದಿದ್ದೆ. ಮಲೆನಾಡಿನ ಗೋಪೂಜೆಯನ್ನು ನೋಡಿ ಫೋಟೋ ತೆಗೆಯಬೇಕೆಂದು ಅವರ ಆಸೆ. ಎಂಟು ವರ್ಷದ ನನ್ನ ಮಗ ಎರಡು ದಿನ ಜಗಲಿಯ ಮೂಲೆಯಲ್ಲಿ ಕುಳಿತು ಒಂದು ಮಾಲೆ ಕಟ್ಟಿದ್ದ. ಒಂದು ಕಡೆ ಅಡಿಕೆ ಒತ್ತೊತ್ತಾಗಿ, ಇನ್ನೊಂದು ಕಡೆ ಬರಿಯ ನಾರು, ಚೆಂಡುಹೂಗಳು ತಲೆಕೆಳಗು. ಅತಿಥಿಗಳ ಮುಂದೆ ನನಗೆ ಸಂಕೋಚವಾಯಿತು. ಪೇಟೆಯಿಂದ ತಂದಿದ್ದ ಜರಿಯ ಹಾರವೊಂದನ್ನು ದೊಡ್ಡ ಹಸುವಿಗೆ ಹಾಕಿಸಿದೆ. “ನಿನ್ನದು ಮುಂದಿನ ವರ್ಷಕ್ಕಾಗಲಿ, ಇನ್ನೂ ಚೆನ್ನಾಗಿ ಕಲಿ” ಎಂದೆ. ಹುಡುಗ ಅಳಲಿಲ್ಲ. ನನ್ನ ಅಮ್ಮ ಏನೂ ಮಾತನಾಡದೆ ಆ ಮಾಲೆಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಕೊನೆಯಲ್ಲಿದ್ದ ಕರುವಿಗೆ ಕಟ್ಟಿದಳು.

ಮರುವರ್ಷ ನಾನೇ ನಾರು, ದಬ್ಬಣಗಳನ್ನು ಅವನ ಮುಂದಿಟ್ಟೆ. “ಪೇಟೆಯಿಂದಲೇ ತಂದುಬಿಡಿ ಅಪ್ಪ, ಅದೇ ಚೆನ್ನಾಗಿರುತ್ತೆ” ಎಂದ. ಕೋಪದಿಂದ ಅಂದ ಮಾತಲ್ಲ. ನಾನು ಕಲಿಸಿದ ಪಾಠವನ್ನು ಒಪ್ಪಿಸಿದ, ಅಷ್ಟೆ. ಆಮೇಲೆ ಅವನು ಮಾಲೆ ಕಟ್ಟಲಿಲ್ಲ.

ಮಕ್ಕಳ ಕೈಗೆಲಸದ ಮಹತ್ವವನ್ನು ಹಿರಿಯರು ಹೇಳದೆ ಬಿಟ್ಟಿಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬಾದ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಶಿಕ್ಷಣಕ್ಕಾಗಿ ಸಂಸ್ಥೆಯೊಂದನ್ನು ಆರಂಭಿಸಿದ. ಮಡಿಚಿದ ಕಾಗದ, ಹೆಣೆದ ಪಟ್ಟಿ, ನಾದಿದ ಮಣ್ಣು ಅಲ್ಲಿಯ ಪಠ್ಯವಾದವು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಶಿಕ್ಷಣಕ್ರಮದ ನಡುಗಂಬವೇ ಕೈಕಸುಬು. ಮಗು ಮಾಡಿದ್ದು ಉಪಯೋಗಕ್ಕೆ ಬರಬೇಕೆಂಬುದು ಅವರ ಹಟ. ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ 1928ರಲ್ಲಿ ವೃಕ್ಷಾರೋಪಣದ ಉತ್ಸವವನ್ನು ಆರಂಭಿಸಿದರು. ಸಸಿಯೊಂದನ್ನು ನೆಡುವುದೂ ಹಬ್ಬವಾಗಬಲ್ಲುದೆಂದು ಅದರಿಂದ ತಿಳಿಯಿತು. ಇವನ್ನೆಲ್ಲ ಓದಿಕೊಂಡಿದ್ದ ನಾನೇ ಮಗನ ಮಾಲೆಯನ್ನು ಬದಿಗಿಟ್ಟವನು.

ನನಗೆ ಈಗ ತೋರುವುದು ಇಷ್ಟು. ಮಕ್ಕಳನ್ನು ಸುಮ್ಮನಿರಿಸಲೆಂದು ಕಾಗದ, ಅಂಟು, ಕತ್ತರಿಗಳನ್ನು ಕೊಟ್ಟು ಒಂದು ಮೂಲೆಯಲ್ಲಿ ಕೂರಿಸುವುದು ಬೇರೆ. ಅವರು ಮಾಡಿದ್ದಕ್ಕೆ ಹಬ್ಬದ ನಡುಮನೆಯಲ್ಲಿ ಜಾಗ ಕೊಡುವುದು ಬೇರೆ. ಮೊದಲನೆಯದರಲ್ಲಿ ಹೊಗಳಿಕೆ ಸಿಗುತ್ತದೆ, ಮರುದಿನ ವಸ್ತು ಕಸಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ತಾನಿಲ್ಲದಿದ್ದರೆ ಈ ಹಬ್ಬ ಕುಂದಾಗುತ್ತಿತ್ತೆಂಬ ಅರಿವು ಮಗುವಿಗೆ ಬರುತ್ತದೆ. ಹೊಗಳಿಕೆಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಪೇಟೆಯ ಮನೆಗಳಲ್ಲಿ ಕೊಟ್ಟಿಗೆಯಿಲ್ಲ, ತೋಟವಿಲ್ಲ ಎಂದು ತಾವು ಹೇಳಬಹುದು. ಊರಿನಲ್ಲಿಯೂ ಅದೇ ಮಾತು. ಹಳದಿ ಎಲೆ ರೋಗ ಕೊಪ್ಪ, ಶೃಂಗೇರಿಗಳ ಎಷ್ಟೋ ಅಡಿಕೆ ತೋಟಗಳನ್ನು ಸೊರಗಿಸಿದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ನಮ್ಮ ಕೊಟ್ಟಿಗೆಯಲ್ಲಿ ಉಳಿದಿರುವುದು ಒಂದು ಹಸು, ಅದರ ಕರು. ಆದರೂ ಬಾಗಿಲಿಗೆ ಮಾವಿನೆಲೆಯ ತೋರಣ ಬೇಕಲ್ಲವೆ? ಅದು ಮಗುವಿನ ಪಾಲಾಗಲಿ. ಬಿದಿರಿನ ಕಡ್ಡಿಗಳನ್ನು ದಾರದಿಂದ ಬಿಗಿದು, ಬಣ್ಣದ ಕಾಗದಕ್ಕೆ ಮೈದಾ ಅಂಟು ಹಚ್ಚಿದರೆ ಗೂಡುದೀಪವಾಗುತ್ತದೆ. ಚೌತಿಗೆ ಹಿಡಿ ಜೇಡಿಮಣ್ಣು ಸಾಕು. ಸೊಂಡಿಲು ಎಡಕ್ಕೋ ಬಲಕ್ಕೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ಹಬ್ಬಕ್ಕೊಂದು ಕೆಲಸ ಸಾಕು. ಆದರೆ ಅದು ಪೂರ್ತಿಯಾಗಿ ಅವರದಾಗಿರಬೇಕು. ಬಹುಮಾನ ಬೇಡ, ಸ್ಪರ್ಧೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಮಲಗಿದ ಮೇಲೆ ನಾವು ಎದ್ದು ತಿದ್ದುವುದು ಬೇಡ.

ಕಳೆದ ದೀಪಾವಳಿಗೆ ಮಗ ಸಂಸಾರದೊಡನೆ ಊರಿಗೆ ಬಂದಿದ್ದ. ಏಳು ವರ್ಷದ ಮೊಮ್ಮಗಳಿಗೆ ನಾರು ಕೊಟ್ಟು ಕೂರಿಸಿದೆ. ಅವಳಿಗೆ ಜೊತೆಯಾಗಿ ತೋಟದ ಕೆಲಸಕ್ಕೆ ಬರುವವರ ಇಬ್ಬರು ಮಕ್ಕಳೂ ಜಗಲಿಯ ಮೇಲೆಯೇ ಕುಳಿತರು. ಮಾಲೆ ಸೊಟ್ಟಗಾಗುತ್ತಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡೆ. ತಲೆ ಎತ್ತಿದರೆ ಬಾಗಿಲಲ್ಲಿ ಮಗ ನಿಂತು ನನ್ನನ್ನೇ ನೋಡುತ್ತಿದ್ದ. ಅವನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಬಂದು ಮಗಳ ಪಕ್ಕದಲ್ಲಿ ಕುಳಿತು, ಅಡಿಕೆ ಜಾರದಂತೆ ಹಿಡಿದುಕೊಂಡ.

ಮರುದಿನ ಆ ಮಾಲೆ ಹಸುವಿನ ಕೊರಳೇರಿತು. ಆರತಿ ಮುಗಿಯುವುದರೊಳಗೆ ಕರು ಅದರ ಅರ್ಧವನ್ನು ತಿಂದುಹಾಕಿತು. “ಅಜ್ಜ, ಅದಕ್ಕೆ ನನ್ನ ಮಾಲೆ ಇಷ್ಟವಾಯಿತು!” ಎಂದು ಮೊಮ್ಮಗಳು ಕುಣಿದಳು. ನಾನು ಹೌದೆಂದೆ.



(ಆಕಾಶವಾಣಿ ಭಾಷಣ)